ಒಡೆದ ಬಳೆಯ ಬಾಯಿ ಯಾವ ಕಡೆ?

ಹೋದ ಚಳಿಗಾಲದಲ್ಲಿ ಒಂದು ಯಂತ್ರ ನನ್ನ ಮರ್ಯಾದೆ ತೆಗೆಯಿತು. ಅದೂ ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿದ್ದಾಗ.

ನಾನು ಮುಧೋಳ ತಾಲೂಕಿನವನು. 14 ವರ್ಷದಿಂದ ಜಪಾನಿನ ಯೊಕೊಹಾಮಾದಲ್ಲಿದ್ದೇನೆ. ಇಲ್ಲಿ ಲೈಸನ್ಸ್ ಮುಗಿಯುವ ಹೊತ್ತಿಗೆ ಪೋಸ್ಟ್‌ನಲ್ಲಿ ಒಂದು ಕಾರ್ಡ್ ಬರುತ್ತದೆ. ಹುಟ್ಟಿದ ದಿನಕ್ಕೆ ಒಂದು ತಿಂಗಳು ಹಿಂದೆ, ಒಂದು ತಿಂಗಳು ಮುಂದೆ, ಅಷ್ಟರೊಳಗೆ ಹೋಗಿ ಹೊಸದು ಮಾಡಿಸಿಕೊಂಡು ಬರಬೇಕು. ಭಾನುವಾರವೂ ತೆರೆದಿರುತ್ತದೆ ಅಂತ ಭಾನುವಾರ ಹೋದೆ. ದೊಡ್ಡ ಹಾಲ್. ಒಂದು ಕಿಟಕಿಯಲ್ಲಿ ಫಾರಂ, ಇನ್ನೊಂದರಲ್ಲಿ ದುಡ್ಡು, ಅದರ ಮುಂದಿನದರಲ್ಲಿ ಕಣ್ಣು, ಆಮೇಲೆ ಫೋಟೋ, ಕೊನೆಗೆ ಒಂದು ಕೋಣೆಯಲ್ಲಿ ಪಾಠ. ಐದು ವರ್ಷ ಯಾವ ತಪ್ಪೂ ಮಾಡದವರಿಗೆ ಅರ್ಧ ಗಂಟೆ ಪಾಠ. ತಪ್ಪು ಮಾಡಿದವರಿಗೆ ಎರಡು ಗಂಟೆ. ನನ್ನದು ಅರ್ಧ ಗಂಟೆಯದು. ನಮ್ಮಂಥವರ ಲೈಸನ್ಸ್ ಮೇಲೆ ಬಂಗಾರದ ಬಣ್ಣದ ಪಟ್ಟಿ ಇರುತ್ತದೆ. ಆ ಪಟ್ಟಿಯ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಕಣ್ಣಿನ ಕಿಟಕಿಯಲ್ಲಿ ಒಂದು ಡಬ್ಬಿ ಇಟ್ಟಿದ್ದರು. ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಬಯಾಸ್ಕೋಪ್ ಪೆಟ್ಟಿಗೆಗೆ ಕಣ್ಣಿಟ್ಟು ನೋಡುತ್ತಿದ್ದೆವಲ್ಲ, ಹಾಗೆ ಹಣೆ ತಾಗಿಸಿ ಬಗ್ಗಬೇಕು. ಒಳಗೆ ಅಕ್ಷರ ಇಲ್ಲ. ಬರೀ ಬಳೆಗಳು. ಪ್ರತಿಯೊಂದೂ ಒಂದು ಕಡೆ ಒಡೆದಿರುತ್ತದೆ. ಬಳೆಯ ಬಾಯಿ ಯಾವ ಕಡೆ ಇದೆ ಅಂತ ಹೇಳಬೇಕು, ಅಷ್ಟೇ. ಓದು ಬರಹ ಬಾರದವರೂ ಹೇಳಬಹುದು.

ಮೊದಲನೆಯದಕ್ಕೆ "ಮಿಗಿ" ಅಂದೆ. ಅಂದರೆ ಬಲಕ್ಕೆ. ಎರಡನೆಯದಕ್ಕೆ "ಶಿತಾ" ಅಂದೆ. ಕೆಳಗೆ. ಮೂರನೆಯ ಬಳೆ ಒಡೆದೇ ಇರಲಿಲ್ಲ. ನನ್ನ ಕಣ್ಣಿಗೆ ಅದು ದುಂಡಗೆ, ಇಡಿಯಾಗಿ, ಬಳೆಗಾರ ಈಗಷ್ಟೇ ತೊಡಿಸಿ ಹೋದ ಹಾಗೆ ಇತ್ತು. ಸುಮ್ಮನಿದ್ದೆ. ಕಿಟಕಿಯ ಹುಡುಗಿ ಬೇರೆ ಬಳೆ ತೋರಿಸಿದಳು. ಅದೂ ಇಡಿಯಾಗಿತ್ತು. ಹಿಂದಿನವರು ಕೆಮ್ಮಿದರು. ಗಡಿಬಿಡಿಯಲ್ಲಿ "ಎಡಕ್ಕ" ಅಂತ ನಮ್ಮ ಭಾಷೆಯಲ್ಲೇ ಅಂದುಬಿಟ್ಟೆ. ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಬಂದಿದ್ದರೂ ಉಪಯೋಗ ಇರಲಿಲ್ಲ ಅನ್ನಿ, ಬಾಯಿ ಎಡಕ್ಕೆ ಇರಲಿಲ್ಲ.

ಅವಳು ನನ್ನ ಕಾಗದಗಳನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟಳು. ತಲೆ ಬಗ್ಗಿಸಿ, ಕನ್ನಡಕ ಮಾಡಿಸಿಕೊಂಡು ದಯವಿಟ್ಟು ಮತ್ತೊಮ್ಮೆ ಬನ್ನಿ ಅಂದಳು. ಅಷ್ಟು ಮೆತ್ತಗೆ ಯಾರೂ ನನ್ನನ್ನು ಹೊರಗೆ ಕಳಿಸಿದ್ದಿಲ್ಲ.

ಸಿಟ್ಟು ಬಂತು. 1998ರಿಂದ ಗಾಡಿ ಓಡಿಸುತ್ತಿರುವವನು ನಾನು. ಲೋಕಾಪುರದ ಕಡೆ ರೋಡಿನಲ್ಲಿ ರಾತ್ರಿ ಎಮ್ಮೆ, ಸೈಕಲ್ಲು, ಲೈಟಿಲ್ಲದ ಚಕ್ಕಡಿ ಎಲ್ಲ ತಪ್ಪಿಸಿ ಮನೆ ಮುಟ್ಟಿದವನು. ಒಂದು ಬಳೆ ನನ್ನನ್ನು ಫೇಲ್ ಮಾಡುವುದಾ?

ನಿಯಮ ಸರಳ. ಪೂರ್ತಿ ಒಳ್ಳೆಯ ದೃಷ್ಟಿಗೆ ಇಲ್ಲಿ 1.0 ಅನ್ನುತ್ತಾರೆ. ಎರಡೂ ಕಣ್ಣು ಸೇರಿ 0.7 ಇರಬೇಕು, ಒಂದೊಂದೇ ಕಣ್ಣಿಗೆ 0.3. ಕನ್ನಡಕ ಹಾಕಿಕೊಂಡು ಬಂದರೂ ಪಾಸು. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಕನ್ನಡಕ ಆಯಿತು. ಮಧ್ಯಾಹ್ನ ಅದೇ ಸಾಲಿನಲ್ಲಿ ನಿಂತೆ. ಬಳೆಗಳೆಲ್ಲ ಒಡೆದಿದ್ದವು, ಎಲ್ಲಾ ಹೇಳಿದೆ. ಹೊಸ ಲೈಸನ್ಸ್ ಮೇಲೆ ಒಂದು ಷರತ್ತು ಅಚ್ಚು ಹಾಕಿ ಕೊಟ್ಟರು: "ಕನ್ನಡಕ ಇತ್ಯಾದಿ". ಇತ್ಯಾದಿ ಅಂದರೆ ಲೆನ್ಸ್. ಇನ್ನು ಮುಂದೆ ಬರಿಗಣ್ಣಿನಲ್ಲಿ ಓಡಿಸಿದರೆ ಅದೇ ಒಂದು ಅಪರಾಧ.

ಹೊರಗೆ ಬಂದು ನೋಡಿದರೆ ರಸ್ತೆ ಪಕ್ಕದ ಗಿಂಕೊ ಮರಕ್ಕೆ ಎಲೆ ಇದ್ದವು. ಮೊದಲೂ ಇದ್ದವು, ಆದರೆ ನನಗೆ ಅದು ಒಂದು ಹಳದಿ ಮುದ್ದೆ ಆಗಿತ್ತು. ಈಗ ಎಲೆ ಎಲೆಯಾಗಿ ಕಂಡವು. ದೂರದ ಬೋರ್ಡಿನ ಅಕ್ಷರಗಳಿಗೆ ಅಂಚು ಬಂದಿತ್ತು. ಹಾಗಾದರೆ ಇಷ್ಟು ದಿನ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೇಗೆ ಓಡಿಸುತ್ತಿದ್ದೆ? ಮನೆಗೆ ಹೋಗಿ ಹೇಳಿದಾಗ ಹೆಂಡತಿ ಕಾಯಿಪಲ್ಯೆ ಹೆಚ್ಚುತ್ತಾ, "ಎರಡು ವರ್ಷ ಆತು ನಾ ಹೇಳ್ಲಿಕತ್ತು" ಅಂದಳು. ಅವಳು ಹೇಳಿದ್ದು ಕೇಳಿಸಿರಲಿಲ್ಲ. ಡಬ್ಬಿ ಹೇಳಿದ್ದು ಒಂದೇ ದಿನಕ್ಕೆ ಕೇಳಿಸಿತು.

ಇದು ನವೆಂಬರಿನ ಮಾತು. ಜನವರಿಯಲ್ಲಿ ಊರಿಗೆ ಹೋದೆ.

ಅಪ್ಪನಿಗೆ 70. ಜಮಖಂಡಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಸಂಜೆ ವಾಪಸ್ ಬರುತ್ತಿದ್ದೆವು. ಸ್ಟೇರಿಂಗ್ ಅಪ್ಪನ ಕೈಯಲ್ಲಿ. ನಾನು ಓಡಿಸುತ್ತೇನೆ ಅಂದರೆ, "ನೀ ಅಲ್ಲಿ ಓಡಿಸಾಂವ, ಇಲ್ಲಿ ನಿನಗ ಆಗೂದಿಲ್ಲ" ಅಂದ. ಅದೂ ನಿಜವೇ. ಹೊತ್ತು ಮುಳುಗಿತ್ತು, ಪೂರ್ತಿ ಕತ್ತಲಾಗಿರಲಿಲ್ಲ. ಕಬ್ಬಿನ ಸೀಸನ್ನು. ಆ ಹೊತ್ತಿನಲ್ಲಿ ನಮ್ಮ ಕಡೆ ರೋಡು ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ, ಮೇಲೆ ಆಕಾಶದ ತನಕ ಕಬ್ಬು, ಹಿಂದೆ ಒಂದು ಕೆಂಪು ದೀಪ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಆದರೆ ಮುಂದೆ ಡ್ರೈವರಿನ ತಲೆ ಮೇಲೆ ಎರಡು ಸ್ಪೀಕರ್ ಡಬ್ಬಿ ಇರುತ್ತವೆ. ಜಾನಪದ ಹಾಡು ಮೂರು ಹೊಲದಾಚೆ ಕೇಳುತ್ತದೆ.

ಅಪ್ಪ ಮಾತಾಡುತ್ತಾ ಓಡಿಸುತ್ತಿದ್ದ. ನನಗೆ ಮುಂದೆ ಟ್ರಾಲಿ ಕಂಡಿತು. ಅವನಿಗೂ ಕಂಡಿರುತ್ತದೆ ಅಂದುಕೊಂಡೆ. ಕಾಲು ಆಕ್ಸಲರೇಟರ್ ಮೇಲೇ ಇತ್ತು. "ಅಪ್ಪಾ" ಅನ್ನಬೇಕು ಅನ್ನುವಷ್ಟರಲ್ಲಿ ಅವನು ತಲೆ ಒಂದು ಕಡೆ ವಾಲಿಸಿದ. ಹಾಡು ಕೇಳಿಸಿತ್ತು. ಆಗ ಬ್ರೇಕ್ ಹಾಕಿದ. ಗಾಡಿ ನಿಂತಾಗ ಕಬ್ಬಿನ ತುದಿಗಳು ಗಾಜಿಗೆ ಒಂದು ಮೊಳ ದೂರ ಇದ್ದವು. ಒಂದು ಕಬ್ಬಿನ ಮೇಲೆ ಕುಡುಗೋಲಿನ ಹಸಿ ಗಾಯ, ಅದರಲ್ಲಿ ಹಾಲು ಒಸರಿದ್ದು ಕೂಡ ನನ್ನ ಹೊಸ ಕನ್ನಡಕದಲ್ಲಿ ಕಂಡಿತು.

"ದೀಪ ಹಾಕೂದಿಲ್ಲ ನೋಡ ಈ ಮಂದಿ" ಅಂದ ಅಪ್ಪ. ಮತ್ತೆ ಗೇರ್ ಹಾಕಿದ.

ಅಪ್ಪ ಟ್ರಾಲಿ ನೋಡಿ ನಿಲ್ಲಿಸಿರಲಿಲ್ಲ, ಹಾಡು ಕೇಳಿ ನಿಲ್ಲಿಸಿದ್ದ. ಆ ಡ್ರೈವರ್ ಹಾಡು ಹಚ್ಚದೆ ಸುಮ್ಮನೆ ಹೋಗುತ್ತಿದ್ದರೆ? ಮನೆ ಮುಟ್ಟುವ ತನಕ ನಾನು ಅದನ್ನೇ ಯೋಚಿಸಿದೆ. ಬಾಯಿ ಬಿಡಲಿಲ್ಲ. ರಾತ್ರಿ ರೊಟ್ಟಿ ಮುಂದೆ ಕೂತಾಗಲೂ ಬಿಡಲಿಲ್ಲ. ಅವ್ವನಿಗೆ ಒಳಗೆ ಕರೆದು ಹೇಳಿದೆ. "ನನಗ ಗೊತ್ತಿಲ್ಲೇನು? ದೇವರ ಮನ್ಯಾಗ ದೀಪದ ಬತ್ತಿ ಹಚ್ಚಾಕ ತಡಕಾಡ್ತಾನ. ನೀ ಹೇಳ. ನಾ ಹೇಳಿದ್ರ ಎರಡ ದಿನ ಉಣ್ಣೂದಿಲ್ಲ" ಅಂದಳು. ತಂಗಿಗೆ ಫೋನ್ ಮಾಡಿದರೆ ಅವಳು, "ನೀ ದೊಡ್ಡಾಂವ, ನೀನೇ ಹೇಳಬೇಕು" ಅಂದಳು. ಎಲ್ಲರಿಗೂ ಗೊತ್ತು. ಹೇಳುವವರು ಯಾರೂ ಇಲ್ಲ.

ನಮ್ಮಲ್ಲಿ ಅಪ್ಪನ ಮುಖಕ್ಕೆ ನಿಂತು ನಿನಗೆ ಕಣ್ಣು ಕಾಣಿಸುತ್ತಿಲ್ಲ ಅಂತ ಹೇಳುವುದು ಸುಮ್ನೆ ಮಾತಲ್ಲ. ಅದು ನಿನ್ನ ಕಾರಭಾರ ಮುಗಿಯಿತು ಅಂದ ಹಾಗೆ. ಹೊಲ, ಬ್ಯಾಂಕು, ಮದುವೆ ಮಾತುಕತೆ, ಎಲ್ಲಾ ಆ ಸ್ಟೇರಿಂಗ್ ಜೊತೆ ಅಂಟಿಕೊಂಡಿದೆ. ಈ ಮಾತು ಮಗನ ಬಾಯಿಂದ ಬರಬಾರದು. ಯಾವುದಾದರೂ ಕಿಟಕಿಯ ಆಚೆ ಕೂತ, ಸಂಬಂಧ ಇಲ್ಲದ ಹುಡುಗಿ ಎರಡೂ ಕೈಯಲ್ಲಿ ಕಾಗದ ವಾಪಸ್ ಕೊಟ್ಟು ಹೇಳಬೇಕು. ಲೈಸನ್ಸ್ ರಿನ್ಯೂ ಮಾಡುವಾಗ ಕಣ್ಣು ನೋಡಲೇಬೇಕು ಅನ್ನುವುದಕ್ಕೆ ಜನ ಅಪಘಾತದ ಲೆಕ್ಕ ಕೊಡುತ್ತಾರೆ. ಕೊಡಲಿ. ನನ್ನ ಕಾರಣ ಇದು. ಮನೆಯವರು ಹೇಳಲಾರದ್ದನ್ನು ಹೇಳುವುದಕ್ಕೆ ಒಂದು ಯಂತ್ರ ಬೇಕು.

ಕಾನೂನು ನಮ್ಮಲ್ಲಿ ಇಲ್ಲ ಅಂದುಕೊಳ್ಳಬೇಡಿ. ಧಾರಾಳವಾಗಿ ಇದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, 55 ದಾಟಿದವರಿಗೆ ಲೈಸನ್ಸ್ ಐದೈದು ವರ್ಷಕ್ಕೆ ಮಾತ್ರ. 40 ದಾಟಿದವರು ಫಾರಂ 1ಎ ಅಂತ ಒಂದು ಡಾಕ್ಟರ್ ಸರ್ಟಿಫಿಕೇಟ್ ಕೊಡಬೇಕು. ನಲವತ್ತೇ ಯಾಕೆ ಅಂದರೆ ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅಂತಲೇ ಹೆಸರು, ನಲವತ್ತಕ್ಕೆ ಬರುವುದು ಅಂತ. ದಿಲ್ಲಿಯಲ್ಲಿ ಕಾನೂನು ಬರೆದವರಿಗೆ ಈ ಮಾತು ಗೊತ್ತಿತ್ತೋ ಏನೋ, ಲೆಕ್ಕ ಮಾತ್ರ ಸರಿಯಾಗಿ ಕೂತಿದೆ. ಆ ಫಾರಂ ತೆಗೆದು ಓದಿ. 25 ಮೀಟರ್ ದೂರದಿಂದ, ಒಳ್ಳೆಯ ಬೆಳಕಿನಲ್ಲಿ, ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲನೇ? ಕೆಂಪು ಹಸಿರು ಬೇರೆ ಬೇರೆ ಕಾಣುತ್ತವೆಯೇ? ಇರುಳುಗಣ್ಣು ಇದೆಯೇ? ಇಷ್ಟನ್ನೂ ಡಾಕ್ಟರು ನೋಡಿ ಬರೆಯಬೇಕು. ಇರುಳುಗಣ್ಣಿನ ಪ್ರಶ್ನೆ ಯೊಕೊಹಾಮಾದ ನನ್ನ ಡಬ್ಬಿ ಕೇಳಲೇ ಇಲ್ಲ. ಬ್ರಿಟನ್ನಿನಲ್ಲಿ ಇನ್ನೂ ಸಡಿಲ. ಲೈಸನ್ಸ್ ಟೆಸ್ಟಿನ ದಿನ 20 ಮೀಟರಿನಿಂದ ನಂಬರ್ ಪ್ಲೇಟ್ ಓದಿಸುತ್ತಾರೆ, ಆಮೇಲೆ 70 ಆದ ಮೇಲೂ ಮೂರು ವರ್ಷಕ್ಕೊಮ್ಮೆ ನನ್ನ ಕಣ್ಣು ಚೆನ್ನಾಗಿದೆ ಅಂತ ತಾನೇ ಬರೆದುಕೊಡುವುದು ನಡೆದುಬಂದ ಪದ್ಧತಿ. ಕಾಗದದ ಮೇಲೆ ನೋಡಿದರೆ ನಾವು ಬ್ರಿಟಿಷರಿಗಿಂತ ಬಿಗಿ.

ಕಾಗದದ ಮೇಲೆ.

ಅಪ್ಪನ ಲೈಸನ್ಸ್ ಅದೇ ತಿಂಗಳು ಮುಗಿಯುವುದಿತ್ತು. ಏಜೆಂಟ್ ಮನೆಗೇ ಬಂದ. ಅವ್ವ ಚಹಾ ಕೊಟ್ಟಳು. ಆಧಾರ್, ಹಳೇ ಲೈಸನ್ಸ್, ಫೋಟೋ ತೆಗೆದುಕೊಂಡ. ಕಣ್ಣಿನ ಟೆಸ್ಟ್ ಎಲ್ಲಿ ಅಂತ ನಾನು ಕೇಳಿದೆ. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದ.

"ಅಣ್ಣಾರ, ಡಾಕ್ಟರ್ ಸಹಿ ನಾ ಮಾಡಿಸಿಕೊಂಡ ಬರ್ತೀನಿ. ಅಪ್ಪಾರು ಯಾಕ ತ್ರಾಸ ತಗೋಬೇಕು ಬಿಸಲಾಗ?"

"ಡಾಕ್ಟರ್ರು ಅಪ್ಪನ ಕಣ್ಣು ನೋಡೂದು ಬ್ಯಾಡೇನು?"

"ಅವರು ಎಲ್ಲಾರ್ದೂ ನೋಡ್ಯಾರ್ರಿ" ಅಂದ.

ಮರುದಿನ ಸಂಜೆ ಕಾಗದ ಬಂತು. ಸಹಿ, ಶಿಕ್ಕಾ, ಎಲ್ಲಾ ಸರಿಯಾಗಿತ್ತು. ನನ್ನ ಅಪ್ಪ ಮನೆಯ ಕಟ್ಟೆ ಬಿಟ್ಟು ಇಳಿದಿರಲಿಲ್ಲ, ಆದರೆ ಅವನಿಗೆ ದೃಷ್ಟಿದೋಷ ಇಲ್ಲ ಅಂತ ಒಬ್ಬ ಡಾಕ್ಟರ್ ಬರೆದುಕೊಟ್ಟಿದ್ದರು. ಧೃತರಾಷ್ಟ್ರ ಫೋಟೋ ಕಳಿಸಿದ್ದರೂ ಇದೇ ಬರುತ್ತಿತ್ತು. ಸಂಜಯನ ಕೆಲಸವನ್ನು ಏಜೆಂಟೇ ಮಾಡುತ್ತಿದ್ದ.

ಇದು ಎಲ್ಲಿಯೋ ಆದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಆದದ್ದಕ್ಕೆ ಬೇಜಾರು. ಡಾಕ್ಟರ್ ಎಂ.ಸಿ. ಮೋದಿ ಹುಟ್ಟಿದ್ದು ಬೀಳಗಿಯಲ್ಲಿ, ನಮ್ಮ ಪಕ್ಕದ ತಾಲೂಕು. ಊರೂರು ತಿರುಗಿ ಶಾಲೆ, ಛತ್ರಗಳನ್ನೇ ಆಸ್ಪತ್ರೆ ಮಾಡಿಕೊಂಡು ಲಕ್ಷಗಟ್ಟಲೆ ಜನರ ಕಣ್ಣಿನ ಪೊರೆ ತೆಗೆದವರು. 2005ರಲ್ಲಿ ತೀರಿಕೊಂಡರು. ನಮ್ಮ ಅಮ್ಮ, ಅಂದರೆ ಅಪ್ಪನ ಅವ್ವ, ಅಂಥದೇ ಒಂದು ಶಿಬಿರದಲ್ಲಿ ಶಾಲೆಯ ಕೋಣೆಯೊಳಗೆ ಚಾಪೆ ಮೇಲೆ ಹಸಿರು ಪಟ್ಟಿ ಕಟ್ಟಿಕೊಂಡು ಮಲಗಿದ್ದಳು. ಪಟ್ಟಿ ಬಿಚ್ಚಿದ ದಿನ ನನ್ನ ಮುಖ ಹಿಡಿದು, "ಇಷ್ಟ ಕಪ್ಪ ಅದಿಯೇನೋ ನೀ" ಅಂದಿದ್ದಳು. ಅಂಥ ಡಾಕ್ಟರು ಹುಟ್ಟಿದ ನೆಲದಲ್ಲಿ ಕಣ್ಣು ನೋಡದೆ ಕಣ್ಣಿನ ಸರ್ಟಿಫಿಕೇಟ್.

ಇನ್ನೊಂದು ಮಾತು. ಮೊದಲನೇ ಸಲ ಲೈಸನ್ಸ್ ಕೊಡುವಾಗ ನಮ್ಮವರು ಎಂಟು ಹೊಡೆಸುತ್ತಾರೆ. ಕಾಲು ನೆಲಕ್ಕೆ ತಾಗಿದರೆ ಫೇಲು. ಹದಿನೆಂಟರ ಹುಡುಗನ ಕಾಲಿನ ಮೇಲೆ ಅಷ್ಟು ಅನುಮಾನ ಇರುವವರಿಗೆ ಎಪ್ಪತ್ತರ ಮುದುಕನ ಕಣ್ಣಿನ ಮೇಲೆ ಪೂರ್ತಿ ಭರವಸೆ. ಎಂಟು ಹೊಡೆಯುವ ಆ ಬಯಲಿನ ಪಕ್ಕ ಒಂದು ಟೇಬಲ್, ಅದರ ಮೇಲೆ ಬಳೆಯ ಡಬ್ಬಿ, ಒಬ್ಬ ಹುಡುಗ ಅಥವಾ ಹುಡುಗಿ. ಒಬ್ಬೊಬ್ಬರಿಗೆ ಎರಡು ನಿಮಿಷ ಸಾಕು. ಡಬ್ಬಿ ಬೇಡ ಅಂದರೆ ಗೋಡೆಗೆ ಒಂದು ಚಾರ್ಟ್ ಸಾಕು. ಸರ್ಟಿಫಿಕೇಟ್ ತರಲು ಹೇಳಬೇಡಿ. ಕಣ್ಣನ್ನೇ ತರಲು ಹೇಳಿ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಜಪಾನ್ ಚೆಂದ, ಊರು ಹಾಳು, ಅಂತ. ನಾನು ಊರಿನಿಂದ ಬಂದ ಮೊದಲ ವಾರ ಹಾಗೇ ಮಾತಾಡುತ್ತಿದ್ದೆ ಕೂಡ. ಆದರೆ ಪಕ್ಕದ ಮನೆಯ ಅಜ್ಜನ ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

ಅಜ್ಜನಿಗೆ 78. ಇಲ್ಲಿ 70 ದಾಟಿದ ಮೇಲೆ ಲೈಸನ್ಸ್ ರಿನ್ಯೂವಲ್ಲಿಗೆ ಬೇರೆ ತರಬೇತಿ ಇದೆ. ಅದರಲ್ಲಿ ಕಣ್ಣನ್ನು ಇನ್ನೂ ಜಾಸ್ತಿ ನೋಡುತ್ತಾರೆ. ಓಡುವ ವಸ್ತು ಕಾಣುತ್ತದೆಯಾ, ಬೆಳಕು ಕಡಿಮೆ ಆದಾಗ ಕಾಣುತ್ತದೆಯಾ, ಪಕ್ಕಕ್ಕೆ ಎಷ್ಟು ದೂರ ಕಾಣುತ್ತದೆ ಅಂತ. 75 ದಾಟಿದರೆ ನೆನಪಿನ ಪರೀಕ್ಷೆಯೂ ಇದೆ. 16 ಚಿತ್ರ ತೋರಿಸಿ, ನಡುವೆ ಬೇರೆ ಏನೋ ಕೆಲಸ ಕೊಟ್ಟು, ಆಮೇಲೆ ಏನೇನು ನೋಡಿದಿರಿ ಬರೆಯಿರಿ ಅನ್ನುತ್ತಾರೆ. ಈ ಚಿತ್ರಗಳು ಗುಟ್ಟೇನಲ್ಲ. ನಾಲ್ಕು ಸೆಟ್ ಇವೆ, ಎಲ್ಲಾ ಬಹಿರಂಗ. ಅಜ್ಜ ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಾ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರು. ತೋಪು, ಆರ್ಗನ್, ಕಿವಿ, ರೇಡಿಯೋ. ಸಿಂಹ, ದ್ರಾಕ್ಷಿ, ಕೋಳಿ, ಗುಲಾಬಿ. ನಮ್ಮ ಮಗಳಿಗೂ ಬಾಯಿಪಾಠ ಆಗಿಹೋಯಿತು. ಅಜ್ಜ ಪಾಸಾದರು. ಎರಡು ತಿಂಗಳಿಗೆ ತಮ್ಮದೇ ಮನೆಯ ಗೇಟಿಗೆ ಕಾರು ಗುದ್ದಿದರು.

2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೊದಲ್ಲಿ 87 ವರ್ಷದ ಒಬ್ಬರು ಬ್ರೇಕ್ ಅಂದುಕೊಂಡು ಆಕ್ಸಲರೇಟರ್ ತುಳಿದರು. ರಸ್ತೆ ದಾಟುತ್ತಿದ್ದ ಒಬ್ಬ ತಾಯಿ, ಅವಳ ಮೂರು ವರ್ಷದ ಮಗಳು ಸತ್ತರು. ಅವರ ಹತ್ತಿರವೂ ಸರಿಯಾದ ಲೈಸನ್ಸ್ ಇತ್ತು. ಆ ವರ್ಷ ಇಡೀ ಜಪಾನಿನಲ್ಲಿ ಸುಮಾರು 6 ಲಕ್ಷ ಜನ ತಾವಾಗಿಯೇ ಲೈಸನ್ಸ್ ವಾಪಸ್ ಕೊಟ್ಟರು. ಬಳೆ ನೋಡಿ ಫೇಲಾಗಿ ಕೊಟ್ಟಿದ್ದಲ್ಲ. ಹೆದರಿ ಕೊಟ್ಟಿದ್ದು. ಅಂದರೆ ಯಂತ್ರಕ್ಕೆ ಎಲ್ಲಾ ಗೊತ್ತಾಗುವುದಿಲ್ಲ. ಇದನ್ನು ಬರೆಯಲು ನನಗೆ ಅಷ್ಟು ಮನಸ್ಸಿಲ್ಲ, ಆದರೂ ಬರೆದಿದ್ದೇನೆ.

ಅಜ್ಜ ಕೂಡ ಗೇಟಿಗೆ ಗುದ್ದಿದ ಮೇಲೆ ಲೈಸನ್ಸ್ ವಾಪಸ್ ಕೊಟ್ಟರು. ಅದಕ್ಕೆ ಬದಲಾಗಿ ಒಂದು ಕಾರ್ಡ್ ಕೊಡುತ್ತಾರೆ, ತೋರಿಸಿದರೆ ಕೆಲವು ಕಡೆ ರಿಯಾಯಿತಿ ಸಿಗುತ್ತದೆ. ನಮ್ಮ ಓಣಿಯ ತುದಿಯಲ್ಲೇ ಬಸ್ ಸ್ಟಾಪ್. ಹತ್ತು ನಿಮಿಷಕ್ಕೊಂದು ಬಸ್ಸು. ಅಜ್ಜ ಆಸ್ಪತ್ರೆಗೆ, ಅಂಗಡಿಗೆ, ಸಾರ್ವಜನಿಕ ಸ್ನಾನದ ಮನೆಗೆ ಆರಾಮಾಗಿ ಹೋಗಿಬರುತ್ತಾರೆ.

ನಮ್ಮೂರಿನಿಂದ ಕೊನೆಯ ಬಸ್ಸು ಸಂಜೆ ಏಳಕ್ಕೆ. ಅದೂ ಬಂದರೆ. ಹೊಲ ಊರಿನಿಂದ ಮೂರು ಕಿಲೋಮೀಟರ್. ರಾತ್ರಿ ಕರೆಂಟ್ ಬಂದಾಗ ಮೋಟಾರ್ ಚಾಲೂ ಮಾಡಲು ಹೋಗಬೇಕು. ಕರೆಂಟ್ ಕೊಡುವವರು ಅಪ್ಪನ ಕಣ್ಣು ನೋಡಿ ಟೈಮ್ ಇಡುವುದಿಲ್ಲ. ಲೈಸನ್ಸ್ ಕೊಡದೆ ಕಳಿಸಿದರೆ ಅಪ್ಪ ಮನೆಯಲ್ಲಿ ಕೂರುತ್ತಾನೆ ಅಂತ ಯಾರಾದರೂ ನಂಬಿದರೆ ಅವರು ನಮ್ಮ ಕಡೆಯವರಲ್ಲ. ಲೈಸನ್ಸ್ ಇಲ್ಲದೆ ಹೋಗುತ್ತಾನೆ. ಅಥವಾ ಎದುರು ಮನೆಯ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಆ ಹುಡುಗ, "ಕಾಕಾ, ಬಲಕ್ಕ. ಕಾಕಾ, ಎಮ್ಮಿ ಐತಿ ಮುಂದ" ಅಂತ ಹೇಳುತ್ತಾ ಹೋಗುತ್ತಾನೆ. ಹಿಂದಿನ ವರ್ಷವೆಲ್ಲ ಹಾಗೇ ನಡೆದಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಯೊಕೊಹಾಮಾದಲ್ಲಿ ಅಂಥ ಹುಡುಗ ಸಿಗುವುದಿಲ್ಲ.

ಆದರೂ ಆ ಸಹಿಯ ಕಾಗದ ನನಗೆ ಚುಚ್ಚುತ್ತಲೇ ಇತ್ತು. ವಾಪಸ್ ಹೊರಡುವುದಕ್ಕೆ ಮೂರು ದಿನ ಇದ್ದಾಗ ಬೆಳಿಗ್ಗೆ ಕಟ್ಟೆ ಮೇಲೆ ಕೂತು ಫಾರಂ ಓದಿ ಹೇಳಿದೆ. "ಅಪ್ಪಾ, ಇದರಾಗ 25 ಮೀಟರಿಂದ ನಂಬರ್ ಓದಬೇಕು ಅಂತ ಐತಿ. ಸುಮ್ನ ನೋಡೂಣೇನು?"

"25 ಮೀಟರ್ ಅಂದ್ರ ಎಷ್ಟ ಮಾರು?"

"ಹದಿನಾಕ."

"ಹದಿನಾಕ ಮಾರು ಯಾವ ದೊಡ್ಡ ಮಾತೋ" ಅಂದ. ಎಮ್ಮೆಯ ಹಗ್ಗ ತಂದು ತಾನೇ ಮಾರು ಹಾಕಿ ಅಳೆದ. ಓಣಿಯಲ್ಲಿ ಎದುರು ಮನೆಯ ಟ್ರ್ಯಾಕ್ಟರ್ ನಿಂತಿತ್ತು. ಹದಿನಾಲ್ಕನೇ ಮಾರಿಗೆ ನಿಂತು, ಎದೆ ಮುಂದೆ ಮಾಡಿ, ಕೆಎ 48ರಿಂದ ಹಿಡಿದು ಕೊನೆಯ ಅಂಕಿಯ ತನಕ ಗಟಗಟ ಹೇಳಿಬಿಟ್ಟ. ಒಂದೂ ತಪ್ಪಿಲ್ಲ. ನನಗೆ ನಾಚಿಕೆಯಾಯಿತು. ಸುಮ್ಮನೆ ಅನುಮಾನ ಪಟ್ಟೆನಲ್ಲ ಅಂತ.

ಎದುರು ಮನೆಯ ಕಾಕಾ ಹಲ್ಲುಜ್ಜುತ್ತಾ ನಿಂತಿದ್ದವನು ನಗಾಡಲು ಶುರು ಮಾಡಿದ. "ಅದನ್ನೇನ್ ಕೇಳ್ತಿಯೋ ತಮ್ಮಾ? ಹತ್ತ ವರ್ಷದಿಂದ ಅದರ ಇನ್ಶೂರೆನ್ಸ್ ಕಟ್ಟಾಕ ನಿಮ್ಮಪ್ಪನ್ನ ಕಳಸ್ತೀನಿ. ನಿದ್ದ್ಯಾಗ ಎಬಿಸಿ ಕೇಳಿದ್ರೂ ಹೇಳ್ತಾನ."

ನನಗೆ ಥಟ್ಟನೆ ಪಕ್ಕದ ಮನೆಯ ಅಜ್ಜನ ತೋಪು, ಆರ್ಗನ್ ನೆನಪಾಯಿತು.

ಅಷ್ಟರಲ್ಲಿ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನ ಜೀಪು ಬಂದು ಅಂಗಡಿ ಮುಂದೆ ನಿಂತಿತು. ಮಹಾರಾಷ್ಟ್ರದ ಬೀಡ್ ಕಡೆಯದು. ಅದಕ್ಕೆ ಹಗ್ಗ ಸರಿಸಿ ಅಳೆದೆವು. ಅಪ್ಪ ನಿಂತ. ಕಣ್ಣು ಸಣ್ಣದು ಮಾಡಿದ. ಹಣೆಗೆ ಕೈ ಅಡ್ಡ ಹಿಡಿದ. "ಎಂ ಎಚ್" ಅಂದ.

"ಮುಂದ?"

"ಬಿಸಲ ಕಣ್ಣಿಗೆ ಹೊಡಿತೈತಿ."

ಬಿಸಿಲು ಬೆನ್ನಿಗೆ ಇತ್ತು. ನಾನೂ ಹೇಳಲಿಲ್ಲ, ಕಾಕಾನೂ ಹೇಳಲಿಲ್ಲ. ಅಪ್ಪ ಎರಡು ಹೆಜ್ಜೆ ಮುಂದೆ ಹೋದ. ಇನ್ನೆರಡು. ಜೀಪಿನ ಹತ್ತಿರ ಹೋಗಿ ಬಗ್ಗಿ, "ಇಪ್ಪತ್ಮೂರು" ಅಂದ, ಯಾರಿಗೂ ಅಲ್ಲ, ತನಗೇ. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಗೆ ಹೋದ. ಮಧ್ಯಾಹ್ನದ ತನಕ ಮಾತಿಲ್ಲ. ಊಟ ಮಾತ್ರ ಬಿಡಲಿಲ್ಲ. ಸಂಜೆ ಶೇಂಗಾ ಬಿಡಿಸುತ್ತಾ ಕೂತವನು ಕೇಳಿದ, "ಬಾಗಲಕೋಟಿಗೆ ಕಣ್ಣಿನ ಡಾಕ್ಟರ್ ಕಡೆ ನಾಳೆ ಹೋಗೂದೋ ನಾಡದೋ?"

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಷನ್ ಫೆಬ್ರವರಿಯಲ್ಲಿ ಆಯಿತು, ಎಡದ್ದು ಅದರ ಮುಂದಿನ ತಿಂಗಳು. ಲೈಸನ್ಸ್ ಮುಗಿದು ವರ್ಷದೊಳಗೆ ಅರ್ಜಿ ಹಾಕಿದರೆ ಮತ್ತೆ ಟೆಸ್ಟ್ ಕೊಡಬೇಕಾಗಿಲ್ಲ ಅಂತ ಏಜೆಂಟ್ ಹೇಳಿದ್ದಾನೆ. ಅದು ಮಾತ್ರ ಅವನು ನಿಜ ಹೇಳಿದ್ದು. ಈ ವಯಸ್ಸಿನಲ್ಲಿ ಮತ್ತೆ ಎಂಟು ಹೊಡೆಯುವುದು ತಪ್ಪಿತು ಅಂತ ಅಪ್ಪನಿಗೆ ಸಮಾಧಾನ. ಹಳೇ ಸಹಿಯ ಕಾಗದ ಇನ್ನೂ ದೇವರ ಮನೆಯ ಗೂಡಿನಲ್ಲಿದೆ. ಹರಿದು ಹಾಕು ಅಂದರೆ, ದುಡ್ಡು ಕೊಟ್ಟಿದ್ದೀನಿ ಅಂತಾನೆ.

ಹೋದ ವಾರ ವಿಡಿಯೋ ಕಾಲಿನಲ್ಲಿ ನಾನು ಕೇಳಿದೆ. "ಈಗ ಟ್ರಾಲಿ ಕಾಣ್ತಾವೇನಪಾ?"

"ಟ್ರಾಲಿ ಭಾಳ ಛಲೋ ಕಾಣ್ತಾವ" ಅಂದ. "ದೀಪ ಇಲ್ಲ ಅನ್ನೂದು ಇನ್ನೂ ಛಲೋ ಕಾಣ್ತೈತಿ. ಅದನ್ನೊಂದ ನಿಮ್ಮ ಡಬ್ಬಿಗೆ ಹೇಳ."

ಆಮೇಲೆ ಫೋನ್ ತನ್ನ ಕಣ್ಣಿನ ಹತ್ತಿರ ತಂದು ನನ್ನ ಮುಖ ನೋಡಿ, "ಭಾಳ ಸೊರಗೀದಿ. ಅಕಿ ಉಣ್ಣಾಕ ಹಾಕ್ತಾಳಿಲ್ಲೋ?" ಅಂದ.